ಕೋಟಿನ ಹಿಂದೆ ಹೋದ ದಿನ

ಹೋಟೆಲಿನ ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು
ಬುಧವಾರ, ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಭಾವನ ಕೆಮ್ಮು? ಹೊಸ ಕನ್ನಡಕ ಇನ್ನೂ ಡಬ್ಬಿಯಲ್ಲೇ ಮಲಗಿದೆಯೋ, ನನ್ನ ಪುಣ್ಯಕ್ಕೆ ನಿನ್ನ ಮೂಗಿನ ಮೇಲೆ ಹತ್ತಿದೆಯೋ? ನಾನು ಕ್ಷೇಮ. ವಿಮಾನದಲ್ಲಿ ಕಿವಿ ಕಟ್ಟಿಕೊಂಡದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ಈ ಹಾಳೆಗಳ ಫೋಟೋ ತೆಗೆದು ಭಾವನ ಫೋನಿಗೆ ಕಳಿಸುತ್ತೇನೆ, ಅವರು ಗಟ್ಟಿಯಾಗಿ ಓದಿ ಹೇಳಲಿ. ಭಾವ, ಬೇಸರವಾಯಿತೆಂದು ನಡುನಡುವೆ ಹಾರಿಸಬೇಡಿ, ನನಗೆ ಗೊತ್ತಾಗಿಬಿಡುತ್ತದೆ. ಫೋನ್ ಮಾಡಬಹುದಿತ್ತು ನಿಜ. ಮಾಡಿದರೆ ಅಕ್ಕ "ಆಯ್ತು ಬಿಡೇ, ಇಡ್ತೀನಿ" ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು.

ನಿನ್ನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಬ್ಬರೂ ಸೇರಿ ಬರಬೇಕೆಂದು ಮೂರು ವರ್ಷದಿಂದ ಕನಸು ಕಂಡ ಪ್ರವಾಸ, ನಿನ್ನ ಸೀಟಿನಲ್ಲಿ ನನ್ನ ಕೈಚೀಲ ಕೂತು ಬಂತು. ತಪ್ಪು ನನ್ನದೂ ಇದೆ, ಇಲ್ಲವೆನ್ನುವುದಿಲ್ಲ. ಎರಡು ತಿಂಗಳಲ್ಲಿ ಮೂರು ಬಟ್ಟೆ ಬಿಗಿಯಾಗಿ ವಾಪಸು ಬಂದವು, ಮೂರನೆಯದು ಶಾಲೆಯ ಹೆಡ್ ಮೇಡಂ ಕೋಟು. ಅವರ ಎದುರಿಗೆ, ಅಂಗಡಿಯಲ್ಲಿದ್ದ ನಾಲ್ಕು ಜನರ ಎದುರಿಗೆ, "ಕಣ್ಣು ಕಾಣಲ್ಲ ಅಂದ್ರೆ ಕತ್ತರಿ ಯಾಕಕ್ಕಾ ಹಿಡೀತೀಯ?" ಅಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ. ನೀನು ಕತ್ತರಿ ಕೆಳಗಿಟ್ಟೆ. ಅವತ್ತು ಇಟ್ಟವಳು ಮತ್ತೆ ಮುಟ್ಟಲಿಲ್ಲ. ಕಣ್ಣಿನ ಡಾಕ್ಟರು "ಕನ್ನಡಕ ಹಾಕಿದ್ರೆ ಸಾಕಮ್ಮಾ, ಏನೂ ತೊಂದರೆ ಇಲ್ಲ" ಎಂದರೂ ಕೇಳದೆ, ಬಟ್ಟೆ ಕತ್ತರಿಸುವ ಮೇಜನ್ನೇ ಈ ಶನಿವಾರ ಯಾರಿಗೋ ಕೊಟ್ಟುಬಿಡುತ್ತೇನೆಂದು ಕೂತೆ. ನಾನು ಅಳತೆ ತೆಗೆಯುವವಳು, ಹೊಲಿಯುವವಳು. ನೀನು ಕತ್ತರಿಸದಿದ್ದರೆ ನಾನು ಹೊಲಿಯುವುದಾದರೂ ಏನನ್ನು? ಇಪ್ಪತ್ತಾರು ವರ್ಷದ ಅಂಗಡಿ ಮೇಜಿನ ಜೊತೆಗೇ ಬಾಗಿಲು ದಾಟುತ್ತದೆ.

ಇರಲಿ, ಈ ಊರಿನ ಸುದ್ದಿ ಹೇಳುತ್ತೇನೆ. ಗೈಡು ಬಾವುಟ ಹಿಡಿದು ನಮ್ಮನ್ನು ಮಂದೆಯ ಹಾಗೆ ಹೊರಡಿಸುವುದು ನಾಳೆ ಬೆಳಿಗ್ಗೆ ಎಂಟಕ್ಕೆ. ಇವತ್ತು ಪೂರ್ತಿ ಬಿಡುವು. ಗುಂಪಿನವರೆಲ್ಲ ನಿದ್ದೆಗೆ ಬಿದ್ದರು. ನನ್ನ ಕೋಣೆಯ ಜೊತೆಗಾತಿ, ರಿಟೈರಾದ ನರ್ಸು, ಗೊರಕೆ ಶುರು ಮಾಡಿದೊಡನೆ ನಾನು ಚೀಲ ಹೆಗಲಿಗೇರಿಸಿ ಹೊರಬಿದ್ದೆ. ಚೀಲದಲ್ಲಿ ಹೋಟೆಲಿನ ಚೀಟಿ, ನೀರು, ಮತ್ತು ನನ್ನ ಅಳತೆ ಟೇಪು. ನಗಬೇಡ. ನಾನು ಅದಕ್ಕೆ ಸ್ನಾನ ಮಾಡಿಸಿದ್ದೇನೆಂದು ನೀನು ಹಂಗಿಸುತ್ತೀಯಲ್ಲ, ಅದೇ ಟೇಪು. ಅದು ಹತ್ತಿರವಿಲ್ಲದಿದ್ದರೆ ಏನೋ ಕಳೆದುಕೊಂಡ ಹಾಗಿರುತ್ತದೆ. ಇಲ್ಲಿ ರಸ್ತೆ ದಾಟುವುದೇ ಒಂದು ವಿದ್ಯೆ. ಗಾಡಿ ಒಂದೂ ಇಲ್ಲದಿದ್ದರೂ ಜನ ದೀಪ ಹಸಿರಾಗುವವರೆಗೆ ಕಂಬದಂತೆ ನಿಲ್ಲುತ್ತಾರೆ. ನಾನೂ ನಿಂತೆ, ಒಂದು ಕಡೆ ಎರಡು ಸಲ ಹಸಿರಾದರೂ ನಿಂತೇ ಇದ್ದೆ, ಎದುರಿನ ಬಾಲ್ಕನಿಯಲ್ಲಿ ಒಣಹಾಕಿದ್ದ ಅಂಗಿಯ ಕಾಲರು ನೋಡುತ್ತಾ. ಆಮೇಲೆ ಒಂದು ದೊಡ್ಡ ಬಟ್ಟೆಯಂಗಡಿ ಹೊಕ್ಕೆ. ನಮ್ಮ ಕೈ ಸುಮ್ಮನಿರುತ್ತದೆಯೇ? ತೂಗುಹಾಕಿದ್ದ ಗೌನನ್ನು ಹಿಡಿದು ಒಳಮಗ್ಗುಲು ಹೊರಗೆ ತಿರುಗಿಸಿ, ಹೊಲಿಗೆಯಾಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆಂದು ನೋಡಿದೆ. ಬಿಟ್ಟಿದ್ದರೆ ತಾನೇ! ಹೀಗೆ ನಾಲ್ಕು ಗೌನು ತಿರುಗಿಸುವಷ್ಟರಲ್ಲಿ ಅಂಗಡಿಯ ಹುಡುಗಿ ಓಡಿ ಬಂದಳು. ಕಳ್ಳಿ ಎಂದುಕೊಂಡಳೋ ಹುಚ್ಚಿ ಎಂದುಕೊಂಡಳೋ, ನಾನಂತೂ ಹಲ್ಲು ಕಿರಿದು ಜಾಗ ಖಾಲಿ ಮಾಡಿದೆ.

ಹೊರಗೆ ಬಂದರೆ ಮುಂದೆಯೇ ಒಂದು ಕೋಟು. ಕೋಟಿನೊಳಗೆ ಒಬ್ಬರು ಮುದುಕರು ಇದ್ದರು, ಅವರನ್ನು ನಾನು ಆಮೇಲೆ ನೋಡಿದ್ದು. ಅವರ ಒಂದು ಭುಜ ಇನ್ನೊಂದಕ್ಕಿಂತ ತಗ್ಗು. ಆದರೂ ಕೋಟಿನ ಬೆನ್ನಿನಲ್ಲಿ ಒಂದು ಸುಕ್ಕು ಇಲ್ಲ ಅಕ್ಕಾ, ಒಂದೂ ಇಲ್ಲ! ಎಲ್ಲಿ ಒಳಗೆ ತಗೊಂಡಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಎಂದು ನೋಡುತ್ತಾ ಹಿಂದೆಯೇ ನಡೆದೆ. ಸೇತುವೆ ದಾಟಿದೆ, ಎರಡು ತಿರುವು ತಿರುಗಿದೆ, ಹೋಟೆಲು ಯಾವ ದಿಕ್ಕಿಗೆ ಎನ್ನುವುದೇ ಮರೆತುಹೋಯಿತು. ಚಿಕ್ಕವಳಿದ್ದಾಗ ನಿನ್ನ ಹಿಂದೆ ಅಲೆಯುತ್ತಿದ್ದೆನಲ್ಲ, "ಅಕ್ಕನ ಬಾಲ" ಎಂದು ಎಲ್ಲರೂ ಕರೆಯುತ್ತಿದ್ದರಲ್ಲ, ಹಾಗೆ. ಕೊನೆಗೆ ಅವರು ಒಂದು ಸಣ್ಣ ಗಲ್ಲಿಯಲ್ಲಿ ನಿಂತು ಬೀಗ ತೆಗೆದರು. ಒಳಗೆ ನೋಡಿದರೆ ಹೊಲಿಗೆ ಮೆಷಿನ್ನು! ಅವರೇ ದರ್ಜಿ, ಅವರದೇ ಕೋಟು.

ಬಾಗಿಲಲ್ಲಿ ಬೆಪ್ಪಾಗಿ ನಿಂತವಳನ್ನು ಕಂಡು ಹುಬ್ಬೇರಿಸಿದರು. ಭಾಷೆ ಬಾರದು, ಏನು ಹೇಳಲಿ? ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳ ತುದಿ ತೋರಿಸಿದೆ. ತಮ್ಮ ಬೆರಳನ್ನೂ ತೋರಿಸಿ, ನಕ್ಕು, ಸ್ಟೂಲು ಎಳೆದು ಕೊಟ್ಟರು. ನಮ್ಮ ಅಂಗಡಿಗಿಂತ ಚಿಕ್ಕದು. ಅದೇ ಇಸ್ತ್ರಿಯ ವಾಸನೆ, ನೆಲದಲ್ಲಿ ಅದೇ ದಾರದ ತುಂಡುಗಳು, ಗೋಡೆಯಲ್ಲಿ ತಗಡಿನ ಡಬ್ಬಿ ತುಂಬ ಒಂಟಿ ಗುಂಡಿಗಳು. ಕೋಟು ಬಿಚ್ಚಿ ಮೇಜಿನ ಮೇಲೆ ಹರವಿದರು. ನಿನಗೆ ಬರೆದು ಕಳಿಸಬೇಕೆಂದು ನಾನು ಟೇಪು ತೆಗೆದು ಬೆನ್ನಿನ ಉದ್ದ ಅಳೆದೆ: ಇಪ್ಪತ್ತೊಂಬತ್ತು ಕಾಲು ಇಂಚು. ಅವರು ಅಲ್ಲವೆಂದು ತಲೆಯಾಡಿಸಿ, ತಮ್ಮ ಟೇಪಿನ ಇಂಚಿನ ಮಗ್ಗುಲು ತಿರುಗಿಸಿ ಅಳೆದರು: ಸರಿಯಾಗಿ ಮೂವತ್ತು. ನಾನು ಮತ್ತೆ ಅಳೆದೆ, ಮತ್ತೆ ಅಷ್ಟೇ. ಆಗ ಅವರು ಎರಡೂ ಟೇಪುಗಳ ತಲೆ ಜೋಡಿಸಿ ಮೇಜಿನುದ್ದಕ್ಕೂ ಪಕ್ಕಪಕ್ಕ ಎಳೆದು ಮಲಗಿಸಿದರು. ಬಾಲದ ಕಡೆ, ಅದೇ ಅರವತ್ತರ ಗುರುತು, ನನ್ನದು ಎರಡು ಬೆರಳು ಮುಂದೆ ಹೋಗಿತ್ತು. ಅವರಿಗೆ ನಗುವೋ ನಗು. ಕತ್ತರಿ ತಂದು ನನ್ನ ಟೇಪು ತುಂಡರಿಸಲು ಹೋದರು, ಕೆಟ್ಟ ಟೇಪನ್ನು ಯಾವ ದರ್ಜಿ ಉಳಿಸುತ್ತಾನೆ? ನಾನು ಕಸಿದುಕೊಂಡೆ. ಡ್ರಾಯರಿನಿಂದ ಒಂದು ಹೊಸ ಟೇಪು ತೆಗೆದು ನನ್ನ ಕೊರಳಿಗೆ ಹಾಕಿದರು. ನನಗೆ ನಗು ಬರಲಿಲ್ಲ.

ಹೋಟೆಲಿನ ಚೀಟಿ ತೋರಿಸಿದೆ, ಸೇತುವೆಯವರೆಗೆ ಬಂದು ದಾರಿ ಹಿಡಿಸಿದರು. ನದಿಯ ಪಕ್ಕದ ಬೆಂಚಿನಲ್ಲಿ ತುಂಬ ಹೊತ್ತು ಕೂತಿದ್ದೆ. ದೋಣಿಗಳು ಹೋದವು, ಬಂದವು, ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಈಗ ನರ್ಸಮ್ಮ ಎದ್ದು ಊಟಕ್ಕೆ ಅವಸರ ಮಾಡುತ್ತಿದ್ದಾರೆ. ನಾಳೆ ಅರಮನೆಯಂತೆ, ಗೋಪುರವಂತೆ, ಗೈಡು ತೋರಿಸಿದ್ದನ್ನೆಲ್ಲ ನೋಡುತ್ತೇನೆ. ನನ್ನ ಊರು ಸುತ್ತಾಟ ಮಾತ್ರ ಇವತ್ತೇ ಆಗಿಹೋಯಿತು. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ. ಭಾವನಿಗೆ ನಮಸ್ಕಾರ, ನಿನ್ನ ಕಾಲಿಗೂ ಒಂದು.

ನಿನ್ನ ಬಾಲ

ತಾ.ಕ.: ಭಾವ, ಇಲ್ಲಿಂದ ನೀವು ಓದಬೇಡಿ. ಕನ್ನಡಕದ ಡಬ್ಬಿ ತೆಗೆದು ಫೋನನ್ನು ಅಕ್ಕನ ಕೈಗೆ ಕೊಡಿ.

ಅಕ್ಕಾ, ಎರಡು ತಿಂಗಳ ಹಿಂದೆ ಮೆಷಿನ್ ಎಣ್ಣೆ ಚೆಲ್ಲಿತೆಂದು ಟೇಪು ತೊಳೆದೆನಲ್ಲ, ಸುಕ್ಕು ಹೋಗಲೆಂದು ಅದರ ತುದಿಗೆ ಇಸ್ತ್ರಿ ಪೆಟ್ಟಿಗೆ ಕಟ್ಟಿ ರಾತ್ರಿಯಿಡೀ ನೇತುಹಾಕಿದ್ದೆ. ನಿನಗೆ ಹೇಳಿರಲಿಲ್ಲ. ಅದು ಎಳೆದುಕೊಂಡು ಉದ್ದವಾಗಿದೆ. ಮೂವತ್ತೇಳು ಇಂಚಿನ ಮೈ ಅದರಲ್ಲಿ ಅಳೆದರೆ ಮೂವತ್ತಾರು. ಮೂರು ಬಟ್ಟೆಯೂ ಅದಾದ ಮೇಲಿನವು. ಹೆಡ್ ಮೇಡಂ ಕೋಟು ಅಂಗಡಿಯ ಮೊಳೆಯಲ್ಲೇ ನೇತಾಡುತ್ತಿದೆ. ನಿನ್ನ ಮರದ ಸ್ಕೇಲು ಇಟ್ಟು ನೋಡು, ಅಳತೆ ಪುಸ್ತಕದಲ್ಲಿ ನಾನು ಬರೆದ ಮೂವತ್ತಾರೇ ಇರುತ್ತದೆ, ಒಂದು ನೂಲಿನಷ್ಟೂ ಆಚೀಚೆ ಇರುವುದಿಲ್ಲ. ಕೆಟ್ಟದ್ದು ನಿನ್ನ ಕಣ್ಣಲ್ಲ, ನನ್ನ ಟೇಪು. ಶನಿವಾರ ಮೇಜಿಗೆ ಬರುವವನನ್ನು ಬರಿಗೈಯಲ್ಲೇ ಕಳಿಸು. ಬಂದ ದಿನವೇ ಹೆಡ್ ಮೇಡಂ ಅವರನ್ನು ಕರೆಸಿ, ಮತ್ತೆ ನಾಲ್ಕು ಜನರನ್ನು ನಿಲ್ಲಿಸಿಕೊಂಡೇ ಇದನ್ನು ಹೇಳುತ್ತೇನೆ. ಹಳೆಯ ಟೇಪು ತರುತ್ತಿದ್ದೇನೆ, ನೀನೇ ಕತ್ತರಿಸು.