ಹಾಡಿನ ಕೋಣೆಯ ಕಿಟಕಿಗಳು

ಬುಧವಾರ, ಜೂನ್ ೧೨

ಪ್ರೀತಿಯ ಪುಟ್ಟಿ,

ನೀನು ಕಾಗದದ ಮೇಲೆ ಕಾಗದ ಬರೆದೆ, ನಾನು ಒಂದಕ್ಕೂ ಉತ್ತರಿಸಲಿಲ್ಲ. ಅಕ್ಕನಿಗೆ ಜಂಬ ಬಂದಿದೆ ಅಂದುಕೊಂಡಿರುತ್ತೀಯ. ಜಂಬಪಡುವಷ್ಟು ತ್ರಾಣವೂ ಈಗ ಉಳಿದಿಲ್ಲ ಕಣೇ. ಶಾಲೆಯಿಂದ ಬಂದರೆ ಚಪ್ಪಲಿ ಬಿಡುವುದಕ್ಕೂ ಬೇಜಾರು. ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ನೀನು ಕೇಳುವವಳಲ್ಲ.

ನಮ್ಮ ಕಲಾಶಾಲೆಯ ಸುದ್ದಿ ಚೆನ್ನಾಗಿಲ್ಲ. ಸಂಜೆ ಹಾಡಿನ ತರಗತಿ ನಡೆಯುವಾಗ ಬೀದಿ ಕಡೆಯ ಕಿಟಕಿಗಳನ್ನು ಮುಚ್ಚಬಾರದು ಎನ್ನುವುದು ಶಾಲೆ ಶುರುವಾದಾಗಿನಿಂದ ನಡೆದುಬಂದದ್ದು, ನಿನಗೆ ಗೊತ್ತಲ್ಲ. ಹೋದ ತಿಂಗಳು ಯಾರೋ ಬೀದಿಯ ಸಂಘದವರ ಹತ್ತಿರ ಹೋಗಿ, ಈ ಗದ್ದಲ ತಡೆಯಲಾಗುತ್ತಿಲ್ಲ ಎಂದು ದೂರು ಹೇಳಿದ್ದಾರೆ. ಯಾರು ಅಂತ ಸಂಘದ ಕಾರ್ಯದರ್ಶಿ ಬಾಯಿಬಿಡುವುದಿಲ್ಲ. ಸಭೆ ಸೇರಿ ತೀರ್ಮಾನ ಆಗುವವರೆಗೆ ಕಿಟಕಿ ಮುಚ್ಚಿ ಎಂದರು. ಮುಚ್ಚಿದೆವು. ಒಳಗೆ ಮಕ್ಕಳು ಬೆಂದುಹೋಗುತ್ತಿದ್ದಾರೆ. ಫ್ಯಾನ್ ಹಾಕಿದರೆ ಹಾರ್ಮೋನಿಯಂ ಕೇಳಿಸುವುದಿಲ್ಲ, ಹಾಕದಿದ್ದರೆ ಉಸಿರು ಕಟ್ಟುತ್ತದೆ.

ಮೊದಲು ವಿಚಾರಿಸಲು ಬಂದವನು ಕೆಳಗಿನ ಅಂಗಡಿಯ ಟೈಲರ್. ಕೊರಳಿಗೆ ಟೇಪು ಹಾಕಿಕೊಂಡೇ ಮೆಟ್ಟಿಲು ಹತ್ತಿದ. "ಏನ್ ಮೇಡಂ, ರಜಾನಾ? ನಿಮ್ಮ ಮಕ್ಕಳು ತಪ್ಪು ಹಾಡೋದು ಕೇಳ್ದೆ ನಂಗೆ ಹೊಲಿಗೆ ಸಾಗ್ತಿಲ್ಲ" ಎಂದ. ನಗು ಬಂತು. ಆಮೇಲೆ ನಡೆದದ್ದು ನಗುವ ಸಂಗತಿಯಲ್ಲ. ಇದೇ ಬೀದಿಯ ನರ್ಸ್ ಬಂದು, ಮಗಳನ್ನು ಬಿಡಿಸುತ್ತೇನೆ ಎಂದಳು. ಯಾಕಮ್ಮ ಎಂದರೆ, "ಅಡುಗೆ ಮಾಡ್ತಾ ಅವಳ ದನಿ ಕೇಳ್ತಿತ್ತು ಟೀಚರ್. ಅಷ್ಟು ಮಕ್ಕಳ ಮಧ್ಯೆ ನನ್ನ ಮಗಳದ್ದು ನಂಗೆ ಗೊತ್ತಾಗುತ್ತೆ. ಅಲ್ಲೇ ಇದಾಳೆ ಅಂತ ಧೈರ್ಯ ಇರ್ತಿತ್ತು. ಈಗ ಕತ್ತಲಾಗೋ ಹೊತ್ತಲ್ಲಿ ಎಲ್ಲಾ ಮುಚ್ಚಿಕೊಂಡು ಕೂತಿರ್ತೀರ. ಹೇಗೆ ಕಳಿಸ್ಲಿ?" ಎಂದಳು. ಅವಳ ಹಿಂದೆಯೇ ಇನ್ನೂ ಕೆಲವು ತಾಯಂದಿರು ಬಂದರು. ತರಗತಿ ಈಗ ಅರ್ಧಕ್ಕರ್ಧ ಖಾಲಿ.

ನನ್ನ ಪಾಠ ಚೆನ್ನಾಗಿದೆ ಅಂತ ಮಕ್ಕಳು ಬರುತ್ತಾರೆ ಎಂದು ಇಷ್ಟು ವರ್ಷ ಬೀಗುತ್ತಿದ್ದೆ. ಕಿಟಕಿ ತೆರೆದಿದೆ ಅಂತ ಕಳಿಸುತ್ತಿದ್ದರಂತೆ. ಹೀಗೇ ಆದರೆ ಮುಂದಿನ ವರ್ಷ ಶಾಲೆಗೆ ಬೀಗ ಹಾಕಬೇಕಾಗುತ್ತದೆ ಎಂದು ನಮ್ಮ ಹೆಡ್‌ಮಾಸ್ಟರು ತಲೆಯ ಮೇಲೆ ಕೈಹೊತ್ತು ಕೂತಿದ್ದಾರೆ.

ದೂರು ಕೊಟ್ಟವರು ಶಾಲೆಯ ಎದುರುಮನೆಗೆ ಹೊಸದಾಗಿ ಬಂದ ಹಲ್ಲಿನ ಡಾಕ್ಟರೇ ಎಂದು ನಾವೆಲ್ಲ ನಿರ್ಧರಿಸಿಬಿಟ್ಟಿದ್ದೆವು. ದವಡೆ ಊದಿಕೊಂಡರೂ ನಾನು ಅವರ ಹತ್ತಿರ ಹೋಗಲಿಲ್ಲ. ಲವಂಗ ಕಚ್ಚಿಕೊಂಡು, ಅವರು ಎದುರಾದರೆ ಮುಖ ತಿರುಗಿಸಿಕೊಂಡು ಓಡಾಡಿದೆ. ಪಾಪ, ಅವರು ಪ್ರತಿಸಲವೂ ನಮಸ್ಕಾರ ಹೇಳುತ್ತಿದ್ದರು.

ನಾಳೆ ಸಭೆ. ಶಾಲೆಯ ಪರವಾಗಿ ನಾನೇ ಮಾತಾಡಬೇಕಂತೆ. ಏನು ಹೇಳಬೇಕೋ ತೋಚುತ್ತಿಲ್ಲ, ಸಾಕಾಗಿದೆ. ನಿನ್ನ ಮಕ್ಕಳಿಗೆ ನನ್ನ ಮುತ್ತು ತಲುಪಿಸು. ಎಲ್ಲರೂ ಆರೋಗ್ಯವಾಗಿ, ಬಾಯ್ತುಂಬ ನಗುತ್ತಾ ಇರಿ.

ನಿನ್ನ,
ಅಕ್ಕ

ತಾ.ಕ.: ಇದನ್ನು ಮರೆತು ಬಿಟ್ಟದ್ದಲ್ಲ, ಬರೆಯಲೋ ಬೇಡವೋ ಎಂದು ತಡೆದಿದ್ದೆ. ದೂರು ಕೊಟ್ಟದ್ದು ಡಾಕ್ಟರಲ್ಲ, ನಿನ್ನ ಭಾವ. ನಿನ್ನೆ ಊಟಕ್ಕೆ ಕೂತಾಗ ಅವರೇ ಹೇಳಿದರು. "ಸಂಜೆಯಿಡೀ ನಿನ್ನ ದನಿ ಬೀದಿಗೆಲ್ಲ ಕೇಳುತ್ತೆ, ಇಲ್ಲಿ ಮನೆಯೊಳಗೂ. ಮನೆಗೆ ಬರೋ ಹೊತ್ತಿಗೆ ಗಂಟಲು ಕಟ್ಟಿರುತ್ತೆ. ನೀರು ಬೇಕಾ ಅಂತ ನನ್ನ ಕೇಳೋದೂ ಕೈಸನ್ನೇಲೇ. ಕೆಲಸಕ್ಕೆ ಹೋಗ್ತಿದ್ದಾಗ ಹೇಗೋ ಆಗ್ತಿತ್ತು. ರಿಟೈರ್ ಆದ್ಮೇಲೆ ಒಬ್ಬನೇ ಕೂತು ಅದನ್ನ ಕೇಳೋಕೆ ನನ್ನ ಕೈಲಿ ಆಗ್ಲಿಲ್ಲ" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟ. ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಅಭ್ಯಾಸಬಲದಿಂದ ಸನ್ನೆ ಮಾಡಲು ಕೈ ಎತ್ತಿದೆ. ಅವರು ತಟ್ಟೆ ತೆಗೆದುಕೊಂಡು ಎದ್ದು ಹೋದರು.