ಸಮುದ್ರಕ್ಕೆ ಬಿದ್ದ ಅರ್ಜಿ

ನೈವಿದಾಮು ನರ್ಸಿಂಗ್ ಸ್ಟೇಷನ್, ಫಿಜಿ
ಮೇ ೧೪

ನನ್ನ ಹೊಟ್ಟೆ ಉರಿಸುವ ತಂಗಿ ಉನೈಸಿಗೆ,

ಸೈರುಸಿ ಮಾವನ ಗಾಯ ಒಣಗುತ್ತಿದೆಯೇ? ಆಸ್ಪತ್ರೆಯ ಊಟ ಅವರಿಗೆ ಸೇರುವುದಿಲ್ಲ. ಬೋಟಿನವರ ಕೈಯಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆ ಕಳಿಸಿದ್ದೇನೆ. ಜೊತೆಗಿರುವ ಯಂಗೋನ ಬೇರಿನ ಕಟ್ಟು ನಿನಗೆ. ಕಾಗದ ಪೂರ್ತಿ ಓದುವವರೆಗೆ ಅದನ್ನು ಮುಟ್ಟಬೇಡ.

ನರ್ಸ್ ಪ್ರಾಕ್ಟಿಷನರ್ ಓದಿಗೆ ಹೋಗುವ ನಿನ್ನ ಅರ್ಜಿಗೆ ಸಹಿ ಹಾಕಿದ್ದೇನೆ. ಶುಕ್ರವಾರದೊಳಗೆ ನೀನೇ ಕಚೇರಿಗೆ ಕೊಡು. ಸಹಿ ಹಾಕುವಾಗಲೂ ಹೊಟ್ಟೆಕಿಚ್ಚು ಇತ್ತು, ಸುಳ್ಳೇಕೆ ಹೇಳಲಿ? ಇಪ್ಪತ್ತೆಂಟು ವರ್ಷದಿಂದ ಇಲ್ಲಿದ್ದೇನೆ. ಈ ದ್ವೀಪದ ಅರ್ಧ ಮಕ್ಕಳು ಹುಟ್ಟಿದ್ದು ನನ್ನ ಕೈಯಲ್ಲಿ, ನೀನೂ ಸೇರಿ. ನಾನು ಹಾಸ್ಟೆಲಿನಲ್ಲಿದ್ದು ಬೆಡ್‌ಪ್ಯಾನ್ ತೊಳೆಯುತ್ತ ಕೆಲಸ ಕಲಿತವಳು; ನೀನು ಡಿಗ್ರಿ ಹಿಡಿದು ನನ್ನ ಕೈಕೆಳಗೆ ಬಂದವಳು. ಮುಂದಿನ ಐದು ವರ್ಷ ಯಾವ ದ್ವೀಪಕ್ಕೆ ಎಂಥ ನರ್ಸ್ ಬೇಕು ಎಂದು ಕಚೇರಿಯವರು ಮಾಡಿದ ಪಟ್ಟಿ ನೋಡಿದ್ದೀಯಲ್ಲ? ಈ ಓದಿಗೆ ನಮ್ಮ ದ್ವೀಪಕ್ಕೆ ಒಂದೇ ಸ್ಥಾನ, ಅದೂ ಡಿಗ್ರಿಯವರಿಗೆ. ನನ್ನ ಹೆಸರಿನ ಮುಂದೆ ‘ನಿವೃತ್ತಿಯವರೆಗೆ ಇದ್ದಲ್ಲೇ’ ಎಂದಿತ್ತು.

ಸಾಲದ್ದಕ್ಕೆ ಮಾವನ ಬಾಯಿ ಬೇರೆ. ಹೋದ ವರ್ಷ ಊರವರೆದುರೇ, “ವಸೆಮಾಥಾ, ಈ ಹುಡುಗಿ ಓದ್ಕೊಂಡು ಬಂದ್ರೆ ತಾನೇ ಔಷಧಿ ಬರೀತಾಳಂತೆ ಕಣೇ. ನೀನು ತೂಕದ ಯಂತ್ರ ಒರೆಸ್ಕೊಂಡಿರು!” ಎಂದು ನಕ್ಕರು. ಯಂಗೋನದ ಬೇರು ಅರೆದು ಕಲಸಿದ ಪಾನೀಯದ ಮೊದಲ ಬಟ್ಟಲನ್ನು, ಹಿರಿಯರಿಗೆ ಸಲ್ಲುವುದನ್ನು, ನಿನಗೇ ಕೊಡಿಸಿದರು. ನೀನು, “ಅಯ್ಯೋ, ಮೊದ್ಲು ಅಕ್ಕಂಗೆ ಕೊಡಿ” ಅಂದೆ. ಅದು ಇನ್ನಷ್ಟು ಉರಿಸಿತು. ಅದರ ಮರುವಾರವೇ ನಾನು ನಿನ್ನ ಅರ್ಜಿ ಕಳಿಸಬೇಕಿತ್ತು. ಹವಳದ ದಿಬ್ಬದ ಹತ್ತಿರ ದೋಣಿ ವಾಲಿ ಅರ್ಜಿ ಸಮುದ್ರಕ್ಕೆ ಬಿತ್ತು, ನಿನ್ನ ಗ್ರಹಚಾರ ಎಂದಿದ್ದೆ.

ಹೋದ ವಾರ ಮಾವನ ಪಾದ ಕೊಳೆಯತೊಡಗಿದಾಗ ರೇಡಿಯೋ ಫೋನು ಎರಡು ದಿನ ಕೆಟ್ಟಿತ್ತು. ಯಾವ ಇಂಜೆಕ್ಷನ್ ಎಂದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಔಷಧಿ ಕಪಾಟಿನಲ್ಲೇ ಇತ್ತು. ಡಾಕ್ಟರನ್ನು ಕೇಳದೆ ಶುರುಮಾಡುವ ಅಧಿಕಾರ ಇಬ್ಬರಿಗೂ ಇರಲಿಲ್ಲ. “ಆ ಕೋರ್ಸ್ ಮಾಡಿದ್ದಿದ್ರೆ ಈಗ ನಾನೇ ಚುಚ್ಚಬಹುದಿತ್ತಕ್ಕ” ಎಂದು ನೀನು ಅತ್ತುಬಿಟ್ಟೆ. ನಿಜ. ಹೋದ ವರ್ಷ ಹೋಗಿದ್ದರೆ ನೀನು ಏಪ್ರಿಲಿನಲ್ಲಿ ವಾಪಸಾಗಿರುತ್ತಿದ್ದೆ. ಬೋಟು ಬಂದು ನೀನು ಅವರನ್ನು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮೊಣಕಾಲಿನ ಕೆಳಗೆ ಏನನ್ನೂ ಉಳಿಸಲಾಗಲಿಲ್ಲ.

ಜೊಸೆಫಾನ ಹಂದಿಗಳು ಮಾವನ ಕೆಸುವಿನ ತೋಟ ಅಗೆದುಹಾಕಿದ್ದು ನೆನಪಿದೆಯೇ? ಅವನು ಯಂಗೋನದ ಕಟ್ಟು ಮುಂದಿಟ್ಟು ತಲೆ ತಗ್ಗಿಸಿ ಕೂತ. “ಹಂದಿಗಿಂತ ನೀನೇ ವಾಸಿ, ಏಳೋ” ಎಂದು ಮಾವ ಕಟ್ಟು ಮುಟ್ಟಿದರು, ತಪ್ಪು ಅಲ್ಲಿಗೆ ಮುಗಿಯಿತು. ಮುಟ್ಟದೆ ಎದ್ದು ಹೋಗಲೂ ಅವರಿಗೆ ಹಕ್ಕಿತ್ತು. ಆ ಹಕ್ಕು ನಿನಗೂ ಇದೆ.

ನಿನ್ನನ್ನು ಮೊದಲು ಎತ್ತಿಕೊಂಡವಳು, ನಿನ್ನ ಏಳಿಗೆ ಸಹಿಸದವಳು,
ವಸೆಮಾಥಾ

ತಾ.ಕ.: ಲಕೋಟೆಯಲ್ಲಿ ಎರಡು ಅರ್ಜಿಗಳಿವೆ. ಹಳೆಯದು ಹೋದ ವರ್ಷದ್ದು. ಸವರಿ ನೋಡು, ಒಂದು ಹನಿ ನೀರೂ ಸೋಕಿಲ್ಲ. ಇಷ್ಟು ದಿನ ನನ್ನ ಚಾಪೆಯ ಕೆಳಗಿತ್ತು. ಮಾವನಿಗೆ ನೀನು ಏನೂ ಹೇಳಬೇಡ. ಅವರ ಮುಂದಿಡಬೇಕಾದ ಕಟ್ಟನ್ನು ಬೋಟಿನವರ ಕೈಯಲ್ಲಿ ಕಳಿಸಲಾಗದು. ಮುಂದಿನ ಬೋಟಿಗೆ ನಾನೇ ತರುತ್ತೇನೆ.