ಮೂವತ್ತೆರಡನೆಯ ಗರಿ

ಕರಂಗಸೆಮ್, ಬಾಲಿ
ಭಾನುವಾರ, ಸರಸ್ವತಿ ಹಬ್ಬದ ಮರುದಿನ

ಸುಲವೇಸಿಯಲ್ಲಿರುವ ನನ್ನ ವಯಾನ್ ಅಣ್ಣನಿಗೆ, ತಂಗಿಯ ನಮಸ್ಕಾರ.

ಫೋನ್ ಮಾಡಿದರೆ ನಡುವೆಯೇ ಇಟ್ಟುಬಿಡುತ್ತೀ. ಕಾಗದವನ್ನಾದರೂ ಕೊನೆಯವರೆಗೆ ಓದು.

ಅಪ್ಪನ ಮದ್ದಿನ ಓಲೆಗರಿಗಳ ಫೋಟೊ ತೆಗೆಯಲು ಜಾವಾದಿಂದ ನೂರ್ಹಯಾತಿ ಎಂಬ ಹುಡುಗಿ ಬಂದಿರುವುದು ನಿನಗೆ ಗೊತ್ತು. ಹುಳು ತಿಂದ ಗರಿಗಳ ರಿಪೇರಿಗೆ ಹಣ ಕೊಡುವ ಸಂಸ್ಥೆಯವರದು ಒಂದೇ ಷರತ್ತು: ಫೋಟೊಗಳನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವಂತಿರಬೇಕು. ಬುಧವಾರದೊಳಗೆ ಒಪ್ಪಿಗೆಯ ಸಹಿ ಹೋಗಬೇಕು. ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ: "ಕಂಡಕಂಡವರು ನೋಡಿದ್ರೆ ಮದ್ದಿನ ಶಕ್ತಿ ಹೋಗುತ್ತೆ. ನಮ್ಮನೇಲಿ ಹೆಂಗಸರು ಗರಿ ಮುಟ್ಟೋ ಪದ್ಧತಿನೇ ಇಲ್ಲ. ನೀನು ಹೂವಿಟ್ಟು ಕೈಮುಗಿ, ಸಾಕು."

ನಿನ್ನೆ ಹೂವಿಡುತ್ತಿರುವಾಗಲೇ ಆ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಓಡಿಬಂದಳು. ಇವತ್ತು ಅಕ್ಷರ ಓದಬಾರದು, ನಾಳೆ ತಾ ಎಂದೆ. "ವಿದ್ಯಾದೇವಿ ಹಬ್ಬದ ದಿನಾನೇ ಓದಂಗಿಲ್ವಾ? ಈ ದೇವಿ ನಮ್ಮ ಸ್ಕೂಲಿಗೂ ಬಂದಿದ್ರೆ ಚೆನ್ನಾಗಿತ್ತು ಅಮ್ಮಾ" ಎಂದು ನಕ್ಕಳು.

ಈವತ್ತು ಸಮುದ್ರಸ್ನಾನ ಮಾಡಿ, ಪದ್ಧತಿಯ ಹಳದಿ ಅನ್ನ ತಿಂದು, ಆ ಹುಡುಗಿಯ ಲ್ಯಾಪ್‌ಟಾಪ್ ಮುಂದೆ ಕೂತೆ. ಜ್ವರದ ಮದ್ದಿನ ಕಟ್ಟು ಮೂವತ್ತೊಂದನೆಯ ಗರಿಯಲ್ಲಿ ಅರ್ಧಕ್ಕೇ ನಿಲ್ಲುತ್ತದಲ್ಲ, ಮಿಕ್ಕದ್ದನ್ನು ಗೆದ್ದಲು ತಿಂದಿತು ಎಂದು ಅಜ್ಜ ಹೇಳುತ್ತಿದ್ದನಲ್ಲ. ತಿಂದಿಲ್ಲ ಅಣ್ಣ. ಮಿಕ್ಕ ಗರಿಗಳು ಡಚ್ಚರ ದೇಶದ ಗ್ರಂಥಾಲಯವೊಂದರಲ್ಲಿವೆ, ಅವರು ನಮ್ಮನ್ನು ಆಳುವಾಗ ಒಯ್ದಿರಬೇಕು. ಆ ಗ್ರಂಥಾಲಯದವರೂ ಈ ಹುಡುಗಿಯೂ ಫೋಟೊಗಳಿಗೆ ಒಂದೇ ಅಳತೆ, ಒಂದೇ ಬಗೆಯ ಗುರುತು ಹಾಕಿದ್ದಾರಂತೆ. ಹಾಗಾಗಿ ಪರದೆಯ ಮೇಲೆ ಅಲ್ಲಿನ ಗರಿ ಇಲ್ಲಿನ ಗರಿಯ ಪಕ್ಕ ಬಂದು ಕೂತಿತು. ದಾರದ ತೂತಿಗೆ ತೂತು ಸರಿಹೊಂದಿತು. ನಮ್ಮ ಗರಿಯಲ್ಲಿ ಹುಳು ಕೊರೆದ ಜಾಗದಲ್ಲೇ ಅದರಲ್ಲೂ ಕೊರೆದಿದೆ. ನಿಂತ ಮಾತು ಮುಂದುವರಿಯಿತು. ನನ್ನ ಕೈ ತಾನಾಗಿ ಮುಗಿಯಿತು. ದೇವಿಗೆ ಸಮುದ್ರ ಅಡ್ಡವೇ?

ಕೊನೆಯ ಗರಿಯಲ್ಲಿ ಬರೆದವರ ಹೆಸರಿತ್ತು. ಭಜನೆ ಮಂಡಳಿಯಲ್ಲಿ ಕಲಿತ ನನ್ನ ಹಳೆಲಿಪಿಯ ಓದು ನಿಧಾನ, ಅದಕ್ಕೇ ಮೂರು ಸಲ ಓದಿದೆ. "ಕೋಳಿ ಕೆದಕಿದಂಥ ಈ ಅಕ್ಷರಗಳನ್ನು ಕ್ಷಮಿಸಿ. ಬರೆದವಳು ನಿ ನ್ಯೋಮನ್ ರಸ್ಮಿ." ಅವಳು ನಮ್ಮ ಅಜ್ಜನ ತಾಯಿ ಅಣ್ಣ. ಮುಟ್ಟುವುದಿರಲಿ, ಗರಿಯಲ್ಲಿ ಅಕ್ಷರ ಕೊರೆದವಳೇ ಆಕೆ.

ಈಗ ನೀನೇ ಯೋಚಿಸು. ಅತ್ತಿಗೆಗೂ ಓದಿ ಹೇಳು.

ನಿನ್ನ ಸಿಟ್ಟಿಗೂ ಪ್ರೀತಿಗೂ ಒಬ್ಬಳೇ ಆದ,
ಕೆತುತ್ ರೆಂತಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಒಪ್ಪಿಗೆಯ ಕಾಗದ ಕೇಳುವುದು ಮನೆಯ ಹಿರಿಯನ ಸಹಿಯನ್ನಲ್ಲ, ಗರಿಗಳನ್ನು ಕಾಯ್ದುಕೊಂಡು ಬಂದವರ ಸಹಿಯನ್ನು. ಬೆಳಿಗ್ಗೆಯೇ ಹಾಕಿ ಕೊಟ್ಟೆ. ಅಕ್ಷರ ಕೋಳಿ ಕೆದಕಿದಂತೆಯೇ ಬಂತು.